ನೈದಿಲೆಗೆ ಯಾವ ಪಾತ್ರೆ?



ಈ ವಾರ ಬಂದ ಕಾಗದಗಳಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳ ಕಾಗದ ನನಗೆ ತುಂಬ ಹಿಡಿಸಿತು. ಅವಳು ಬರೆದಿರುವುದು ಇಷ್ಟು: "ತಾತ, ನಮ್ಮ ಅಜ್ಜಿಯ ತಾಮ್ರದ ಹಂಡೆ ಅಟ್ಟದ ಮೇಲಿದೆ. ಗೀಸರ್ ಬಂದ ಮೇಲೆ ಯಾರೂ ಅದನ್ನು ಮುಟ್ಟಿಲ್ಲ. ಅಪ್ಪ ಗುಜರಿಗೆ ಹಾಕೋಣ ಅನ್ನುತ್ತಾರೆ. ಅಜ್ಜಿ ಏನೂ ಹೇಳುವುದಿಲ್ಲ, ಸುಮ್ಮನಾಗಿಬಿಡುತ್ತಾರೆ. ಅದಕ್ಕೆ ನೀರು ತುಂಬಿಸಿ ಜಗುಲಿಯ ಮುಂದೆ ಇಟ್ಟು, ನೈದಿಲೆ ಬೆಳೆಸಿ, ಮೀನು ಬಿಡಬಹುದಾ?"

ಪ್ರಶ್ನೆ ಚಿಕ್ಕದು, ಉತ್ತರ ಚಿಕ್ಕದಲ್ಲ. ಕುಂಡದಲ್ಲಿ ಗುಲಾಬಿ ಬೆಳೆಸುವವರು ಕುಂಡದ ಬಗ್ಗೆ ಅಷ್ಟು ಯೋಚಿಸಬೇಕಾಗಿಲ್ಲ. ತಳದಲ್ಲಿ ತೂತಿದ್ದರೆ ಸಾಕು. ನೀರಿನ ತೋಟದ ಕಥೆಯೇ ಬೇರೆ. ಇಲ್ಲಿ ಪಾತ್ರೆಯೇ ಕೊಳ, ಪಾತ್ರೆಯೇ ದಂಡೆ. ಗಿಡ, ಮೀನು, ನೀರು ಮೂರೂ ಹಗಲು ರಾತ್ರಿ ಅದರೊಳಗೇ ಇರಬೇಕು. ಮದುವೆ ಮಾಡುವಾಗ ಮನೆತನ ನೋಡುವಂತೆ, ನೈದಿಲೆ ತರುವ ಮೊದಲು ಪಾತ್ರೆ ನೋಡಬೇಕು.

ಮೊದಲು ಗಿಡದ ಪರಿಚಯ

ನೈದಿಲೆ, ತಾವರೆ ಎರಡೂ ಒಂದೇ ಎಂದು ಬಹಳ ಮಂದಿ ತಿಳಿದಿದ್ದಾರೆ. ಎಲೆ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ನೈದಿಲೆಯ ಎಲೆ ನೀರಿನ ಮೇಲೆ ಮಲಗಿರುತ್ತದೆ, ಒಂದು ಕಡೆ ಕತ್ತರಿಸಿದಂತೆ ಸೀಳಿರುತ್ತದೆ. ತಾವರೆಯ ಬಲಿತ ಎಲೆ ಕೊಡೆಯಂತೆ ನೀರಿನಿಂದ ಮೇಲೆದ್ದು ನಿಲ್ಲುತ್ತದೆ, ಅದರಲ್ಲಿ ಸೀಳಿಲ್ಲ. ಅದರ ಮೇಲೆ ನೀರು ಹಾಕಿದರೆ ಮುತ್ತಿನಂತೆ ಉರುಳುತ್ತದೆ. ತಾವರೆ ನಮ್ಮ ದೇಶದ ಹೂವೂ ಹೌದು, ಕರ್ನಾಟಕದ ಹೂವೂ ಹೌದು. ನಮ್ಮ ಕೆರೆಗಳ ನೀಲಿ ನೈದಿಲೆ ಪಕ್ಕದ ಶ್ರೀಲಂಕಾದ ರಾಷ್ಟ್ರೀಯ ಹೂವು.

ಪಾತ್ರೆಯ ಮಟ್ಟಿಗೆ ಈ ವ್ಯತ್ಯಾಸ ಮುಖ್ಯ. ತಾವರೆಯ ಬೇರುಗಡ್ಡೆ ಕೆಸರಿನಲ್ಲಿ ಹರಿದಾಡುತ್ತದೆ. ಚೌಕದ ತೊಟ್ಟಿಯಲ್ಲಿ ಅದರ ಎಳೆಯ ತುದಿ ಮೂಲೆಗೆ ಹೋಗಿ ಸಿಕ್ಕಿಕೊಂಡರೆ ಮುರಿದೋ ಕೊಳೆತೋ ಗಿಡವೇ ನಿಂತುಹೋಗಬಹುದು. ಆದ್ದರಿಂದ ತಾವರೆಗೆ ಯಾವಾಗಲೂ ದುಂಡನೆಯ, ಬಾಯಿ ಅಗಲವಾದ ಪಾತ್ರೆ. ನೈದಿಲೆಗೆ ಮೂಲೆಯ ತಕರಾರಿಲ್ಲ. ಚೌಕವಾದರೂ ಸರಿ, ಉದ್ದದ ಕಲ್ಲುಬಾನಿಯಾದರೂ ಸರಿ.

ಎರಡಕ್ಕೂ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಬಿಸಿಲು ಬೀಳುವ ಜಾಗ ಮೊದಲು ಗುರುತು ಮಾಡಿ, ಆಮೇಲೆ ಅಲ್ಲಿಗೆ ಒಪ್ಪುವ ಪಾತ್ರೆ ಹುಡುಕಿ. ಪಾತ್ರೆ ತಂದು ಜಾಗ ಹುಡುಕಬೇಡಿ. ತುಂಬಿದ ಮೇಲೆ ಅದನ್ನು ಸರಿಸುವುದು ಯಾರಿಂದಲೂ ಆಗುವುದಿಲ್ಲ. ಏಕೆ ಎಂಬುದಕ್ಕೆ ಲೆಕ್ಕ ಮಾಡೋಣ.

ಭಾರದ ಲೆಕ್ಕ

ಬ್ಯಾಂಕಿನಲ್ಲಿ ಲೆಡ್ಜರ್ ಬರೆದೇ ಕೂದಲು ಬೆಳ್ಳಗಾದವನು ನಾನು. ಲೆಕ್ಕವಿಲ್ಲದೆ ಯಾವ ಮಾತೂ ಮುಗಿಯುವುದಿಲ್ಲ. ಮಕ್ಕಳು ಪೆನ್ಸಿಲ್ ತೆಗೆದುಕೊಳ್ಳಿ.

ಬಾಯಿಯ ಅಗಲ 60 ಸೆಂಟಿಮೀಟರ್ ಇರುವ ದುಂಡನೆಯ ತೊಟ್ಟಿಯಲ್ಲಿ 40 ಸೆಂಟಿಮೀಟರ್ ಎತ್ತರಕ್ಕೆ ನೀರು ತುಂಬಿದ್ದೇವೆ ಎನ್ನಿ. ತ್ರಿಜ್ಯ 30. ಮೂವತ್ತು ಮೂವತ್ತಲೆ ಒಂಬೈನೂರು. ಅದನ್ನು 22/7ರಿಂದ ಗುಣಿಸಿದರೆ ಸುಮಾರು 2,828 ಚದರ ಸೆಂಟಿಮೀಟರ್. ಇದು ನೀರಿನ ಮೇಲ್ಮೈ. ಇದನ್ನು 40ರಿಂದ ಗುಣಿಸಿದರೆ ಸುಮಾರು 1,13,000 ಘನ ಸೆಂಟಿಮೀಟರ್, ಅಂದರೆ 113 ಲೀಟರ್. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ನೀರೊಂದೇ 113 ಕಿಲೋ! ಅದರ ಮೇಲೆ ಮಣ್ಣಿನ ತೂಕ, ತೊಟ್ಟಿಯ ತೂಕ. ಇಬ್ಬರು ದೊಡ್ಡವರು ಕೂತಷ್ಟು ಭಾರ, ಅವರು ಏಳುವುದೇ ಇಲ್ಲ.

ನೆಲದ ಮೇಲಿನ ಅಂಗಳವಾದರೆ ಚಿಂತೆಯಿಲ್ಲ. ತಾರಸಿ ಅಥವಾ ಬಾಲ್ಕನಿಯಾದರೆ ತೊಟ್ಟಿಯನ್ನು ಚಾವಣಿಯ ನಡುಮಧ್ಯದಲ್ಲಿ ಇಡಬೇಡಿ. ಕೆಳಗೆ ಗೋಡೆಯೋ ತೊಲೆಯೋ ಇರುವ ಕಡೆ ಇಡಿ. ಹಳೆಯ ಮನೆಯಾದರೆ, ಹೊರಗೆ ಚಾಚಿದ ಬಾಲ್ಕನಿಯಾದರೆ ಗೊತ್ತಿರುವ ಎಂಜಿನಿಯರರನ್ನು ಒಂದು ಮಾತು ಕೇಳಿ. ಬಾಲ್ಕನಿಯ ಕೈಪಿಡಿ ಗೋಡೆಯ ಮೇಲಂತೂ ಎಷ್ಟೇ ಚಿಕ್ಕ ಪಾತ್ರೆಯಾದರೂ ಬೇಡ. ಕೆಳಗೆ ಜನ ಓಡಾಡುತ್ತಾರೆ.

ಅದೇ ಲೆಕ್ಕದಿಂದ ಇನ್ನೊಂದು ವಿಷಯ ತಿಳಿಯುತ್ತದೆ. ಬಿರುಬೇಸಗೆಯಲ್ಲಿ ದಿನಕ್ಕೆ ಅರ್ಧ ಸೆಂಟಿಮೀಟರ್ ನೀರು ಆವಿಯಾಯಿತು ಎಂದಿಟ್ಟುಕೊಳ್ಳಿ. 2,828ರ ಅರ್ಧ 1,414. ದಿನಕ್ಕೆ ಸುಮಾರು ಒಂದೂವರೆ ಲೀಟರ್, ಹತ್ತು ದಿನಕ್ಕೆ ಒಂದು ಬಕೆಟ್. ಬಾಯಿ ಅಗಲವಾದಷ್ಟೂ ನೀರು ಬೇಗ ಇಳಿಯುತ್ತದೆ. ಹಾಗೆಂದು ಕಿರುಬಾಯಿಯ ಭರಣಿ ತಂದರೆ ಗಾಳಿ ನೀರಿಗೆ ಸೇರುವ ಜಾಗ ಕಡಿಮೆ, ಎಲೆ ಹರಡುವ ಜಾಗವೂ ಕಡಿಮೆ. ಜಮಾ ಕಡೆ ಹೆಚ್ಚಾದರೆ ಖರ್ಚಿನ ಕಡೆಯೂ ಏರುತ್ತದೆ. ನಡುವಿನ ದಾರಿ ಎಂದರೆ ಬಾಯಿಯ ಅಗಲ ಆಳಕ್ಕಿಂತ ಸ್ವಲ್ಪ ಹೆಚ್ಚಿರುವ ಪಾತ್ರೆ. ಸಣ್ಣ ಜಾತಿಯ ನೈದಿಲೆಗೆ 30ರಿಂದ 45 ಸೆಂಟಿಮೀಟರ್ ಆಳ ಧಾರಾಳ.

ಯಾವ ವಸ್ತು, ಯಾವ ಗುಣ

ಮಣ್ಣಿನ ಗುಡಾಣ, ಬಾನಿ: ಕಣ್ಣಿಗೆ ಇದರಷ್ಟು ಚೆನ್ನಾದದ್ದು ಇನ್ನೊಂದಿಲ್ಲ. ಆದರೆ ಬೇಸಗೆಯಲ್ಲಿ ಮಡಕೆಯ ನೀರು ಏಕೆ ತಂಪು, ಹೇಳಿ ನೋಡೋಣ? ಮಡಕೆಯ ಸಣ್ಣ ರಂಧ್ರಗಳಿಂದ ನೀರು ಹೊರಕ್ಕೆ ಜಿನುಗಿ ಆವಿಯಾಗುತ್ತದೆ, ಆಗ ಒಳಗಿನ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ. ಕುಡಿಯುವ ನೀರಿಗೆ ಈ ಗುಣ ವರ, ಕೊಳಕ್ಕೆ ಅದೇ ಸೋರಿಕೆ. ಹೊರಮೈಯಲ್ಲಿ ಬಿಳಿ ಉಪ್ಪು ಕೂರುತ್ತದೆ, ಕೆಳಗಿನ ನೆಲ ಸದಾ ಒದ್ದೆಯಾಗಿರುತ್ತದೆ. ಉಪಾಯವಿದೆ. ಒಳಗೊಂದು ಪ್ಲಾಸ್ಟಿಕ್ ಟಬ್ ಇಳಿಸಿ, ಇಲ್ಲವೇ ಒಳಮೈಗೆ ನೀರಿನ ತೊಟ್ಟಿಗೆ ಹಚ್ಚುವ ಜಲನಿರೋಧಕ ಬಣ್ಣ ಎರಡು ಸಲ ಬಳಿದು ಚೆನ್ನಾಗಿ ಒಣಗಿಸಿ.

ಪಿಂಗಾಣಿ: ಒಳಗೆ ಹೊರಗೆ ಹೊಳಪಿನ ಲೇಪ ಇರುವುದರಿಂದ ಸೋರುವುದಿಲ್ಲ, ತೊಳೆಯಲು ಸುಲಭ. ಗಿಡಕ್ಕೆಂದು ಮಾಡಿದ ಪಿಂಗಾಣಿ ಕುಂಡವಾದರೆ ತಳದ ತೂತನ್ನು ಎಂ-ಸೀಲ್‌ನಂಥ ಅಂಟಿನಿಂದ ಮುಚ್ಚಿ, ಒಂದು ದಿನ ನೀರು ತುಂಬಿಟ್ಟು ಪರೀಕ್ಷಿಸಿ. ಒಂದೇ ತೊಂದರೆ, ಕ್ರಿಕೆಟ್ ಚೆಂಡು ಬಿದ್ದರೆ ಕಥೆ ಮುಗಿಯಿತು.

ಕಲ್ಲು: ಹಳೆಯ ಮನೆಗಳ ಹಿತ್ತಲಲ್ಲಿ ದನಗಳಿಗೆ ಅಕ್ಕಚ್ಚು ಹಾಕುತ್ತಿದ್ದ ಕಲ್ಲುಬಾನಿ ಇನ್ನೂ ಬಿದ್ದಿರುತ್ತದೆ. ಅದು ಸಿಕ್ಕವರು ಪುಣ್ಯವಂತರು. ಸೋರದು, ಬೇಗ ಕಾಯದು, ಗಾಳಿಗೆ ಉರುಳದು, ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಉಳಿಯುತ್ತದೆ. ಭಾರವೊಂದೇ ಅಡ್ಡಿ, ಆದ್ದರಿಂದ ನೆಲಕ್ಕೆ ಮಾತ್ರ. ಇನ್ನು ಒರಳುಕಲ್ಲು. ಮಿಕ್ಸಿ ಬಂದ ಮೇಲೆ ಅದಕ್ಕೂ ಕೆಲಸವಿಲ್ಲ. ಅದರ ಗುಂಡಿಯಲ್ಲಿ ನಿಲ್ಲುವುದು ಕೆಲವೇ ಲೀಟರ್ ನೀರು, ನೈದಿಲೆಗೆ ಸಾಲದು. ಗುಬ್ಬಿ, ಪಿಕಳಾರಗಳು ಬಂದು ಕುಡಿಯಲು, ಮೀಯಲು ಹೇಳಿ ಮಾಡಿಸಿದಂತಿದೆ. ನೀರನ್ನು ಮಾತ್ರ ಎರಡು ದಿನಕ್ಕೊಮ್ಮೆ ಬದಲಿಸಬೇಕು.

ಸಿಮೆಂಟ್ ತೊಟ್ಟಿ: ಬೇಕಾದ ಅಳತೆಗೆ ಸಿಗುತ್ತದೆ, ಬೆಲೆ ಕಡಿಮೆ. ಆದರೆ ಹೊಸ ಸಿಮೆಂಟು ನೀರಿಗೆ ಸುಣ್ಣ ಬಿಡುತ್ತದೆ. ಆ ನೀರಿನಲ್ಲಿ ಮೀನು ಬದುಕುವುದಿಲ್ಲ, ಗಿಡವೂ ಸೊರಗುತ್ತದೆ. ಹಳ್ಳಿಗಳಲ್ಲಿ ಹೊಸ ತೊಟ್ಟಿಗೆ ಬಾಳೆದಿಂಡಿನ ತುಂಡುಗಳನ್ನೋ ಸಗಣಿಯನ್ನೋ ಹಾಕಿ ನೀರು ತುಂಬಿಸಿ ಕೆಲವು ದಿನ ಬಿಡುವುದು ಇದಕ್ಕೇ. ಕೆಲವು ವಾರ ನೀರು ತುಂಬಿ, ಚೆಲ್ಲಿ, ಮತ್ತೆ ತುಂಬಿ. ಶಾಲೆಯಲ್ಲಿ ಕೆಂಪು ಲಿಟ್ಮಸ್ ಕಾಗದ ಸಿಕ್ಕಿದರೆ ಪರೀಕ್ಷೆಯನ್ನು ನೀವೇ ಮಾಡಬಹುದು. ತೊಟ್ಟಿಯ ನೀರಿನಲ್ಲಿ ಒಂದು, ನಲ್ಲಿಯ ನೀರಿನಲ್ಲಿ ಒಂದು ಅದ್ದಿ. ತೊಟ್ಟಿಯಲ್ಲಿ ಅದ್ದಿದ್ದು ನಲ್ಲಿಯದಕ್ಕಿಂತ ಹೆಚ್ಚು ನೀಲಿಯಾದರೆ ಸುಣ್ಣ ಇನ್ನೂ ಬಿಡುತ್ತಿದೆ ಎಂದರ್ಥ. ತಾಳಿದವನು ಬಾಳಿಯಾನು.

ಪ್ಲಾಸ್ಟಿಕ್ ಟಬ್: ಅಂದವಿಲ್ಲ ಎಂದು ಮೂಗು ಮುರಿಯಬೇಡಿ. ಹಗುರ, ಅಗ್ಗ, ಸೋರುವುದಿಲ್ಲ. ತಾರಸಿಗೆ ಇದೇ ವಾಸಿ. ಸುತ್ತ ಇಟ್ಟಿಗೆ ಜೋಡಿಸಿ ಕಟ್ಟಿದರೆ ಅಥವಾ ದೊಡ್ಡ ಬಿದಿರಿನ ಬುಟ್ಟಿಯೊಳಗೆ ಇಳಿಸಿದರೆ ಟಬ್ಬೆಂದು ಗೊತ್ತೇ ಆಗದು. ವರ್ಷಗಟ್ಟಲೆ ಬಿಸಿಲಿಗೆ ಪ್ಲಾಸ್ಟಿಕ್ ಒಡಕಾಗುತ್ತದೆ, ಆದ್ದರಿಂದ ದಪ್ಪನೆಯದನ್ನೇ ಕೊಳ್ಳಿ. ಹಳೆಯ ಡ್ರಮ್ಮನ್ನು ಅರ್ಧಕ್ಕೆ ಕತ್ತರಿಸಿ ಮಾರುವವರಿದ್ದಾರೆ. ಅದರಲ್ಲಿ ಮೊದಲು ಏನಿತ್ತು ಎಂದು ಕೇಳಿ. ಕೀಟನಾಶಕವೋ ರಾಸಾಯನಿಕವೋ ಇದ್ದ ಡ್ರಮ್ಮು ಎಷ್ಟು ತೊಳೆದರೂ ಬೇಡ.

ಅಜ್ಜಿಯ ಹಂಡೆ

ಈಗ ಆ ಹುಡುಗಿಯ ಪ್ರಶ್ನೆ. ಮರಿ, ತಾಮ್ರದ ಹಂಡೆಯಲ್ಲಿ ನೇರವಾಗಿ ನೀರು ತುಂಬಿ ಮೀನು ಬಿಡಬೇಡ. ತಾಮ್ರ ಬಹಳ ಕಡಿಮೆ ಪ್ರಮಾಣದಲ್ಲಿ ಕರಗಿದರೂ ಮೀನಿಗೆ, ಬಸವನಹುಳುವಿಗೆ ವಿಷ. ಕೆರೆಯ ಪಾಚಿ ಕೊಲ್ಲಲು ಮೈಲುತುತ್ತ ಬಳಸುತ್ತಾರಲ್ಲ, ಅದು ತಾಮ್ರದ ಉಪ್ಪೇ. ಹಿತ್ತಾಳೆಯಲ್ಲಿಯೂ ತಾಮ್ರವಿದೆ, ಜೊತೆಗೆ ಸತುವೂ ಇದೆ. ಹೊರಗಿನ ಥಳಕು ನೋಡಿ ಒಳಗಿನ ಜೀವ ಕಳೆಯಬಾರದು.

ಹಾಗಾದರೆ ಹಂಡೆ ಗುಜರಿಗೇ? ಖಂಡಿತ ಅಲ್ಲ. ಒಂದು ದಾರಿ ಹೇಳುತ್ತೇನೆ. ಹಂಡೆಯ ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು. ಬಾಯಿಯ ಅಗಲ ಅಳೆದುಕೊಂಡು ಅಂಗಡಿಗೆ ಹೋಗಿ, ಆ ಬಾಯಿಯೊಳಗೆ ಇಳಿದು ಅಂಚು ಮಾತ್ರ ಮೇಲೆ ಕೂರುವಂಥ ಕಪ್ಪು ಅಥವಾ ಕಡು ಹಸಿರು ಬೇಸಿನ್ ತನ್ನಿ. ಹಂಡೆಯನ್ನು ನೆಲದ ಮೇಲೆ ಗಟ್ಟಿಯಾಗಿ ಕೂರಿಸಿ, ಒಳಗೆ ಒಣ ಮರಳು ತುಂಬಿ, ಬೇಸಿನ್ನಿನ ತಳ ಮರಳಿನ ಮೇಲೆ ಕೂರುವಂತೆ ಮಾಡಿ. ಮರಳು ಏಕೆಂದರೆ, ಒಂದು, ಬೇಸಿನ್ ಜೋಲಾಡುವುದಿಲ್ಲ. ಎರಡು, ನಡುವಿನ ಖಾಲಿ ಜಾಗದಲ್ಲಿ ಮಳೆನೀರು ನಿಂತು ಸೊಳ್ಳೆ ಆಗುವುದಿಲ್ಲ. ನೀರು ತಾಮ್ರಕ್ಕೆ ತಾಗುವುದೇ ಇಲ್ಲ. ಬೇಸಿನ್ ಚಿಕ್ಕದಾದ್ದರಿಂದ ಅತಿ ಸಣ್ಣ ಜಾತಿಯ ನೈದಿಲೆ ಒಂದೇ ಒಂದು ಸಾಕು. ಮೀನಿಗೆ ಅದು ಇಕ್ಕಟ್ಟು, ಮಧ್ಯಾಹ್ನದ ಬಿಸಿಲಿಗೆ ನೀರೂ ಬೇಗ ಕಾಯುತ್ತದೆ. ಮೀನು ಬೇಕೆಂದರೆ ಪಕ್ಕದಲ್ಲಿ 40 ಲೀಟರಿಗೆ ಕಡಿಮೆಯಿಲ್ಲದ ಬೇರೆ ಟಬ್ ಇಡು.

ಇದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಹಂಡೆ ಯಾರದು? ಅಜ್ಜಿಯದು. ಅಪ್ಪ ಗುಜರಿ ಎನ್ನುತ್ತಾರೆ, ನೀನು ನೈದಿಲೆ ಎನ್ನುತ್ತೀಯ. ಅಜ್ಜಿಯನ್ನು ಯಾರಾದರೂ ಕೇಳಿದಿರಾ? ಆ ಹಂಡೆ ಅವರ ತವರಿನಿಂದ ಬಂದಿರಬಹುದು. ಎಷ್ಟು ಹಬ್ಬಗಳ ಎಣ್ಣೆನೀರಿಗೆ ಅದರ ಕೆಳಗೆ ಸೌದೆ ಉರಿದಿದೆಯೋ! ಅವರು ಸುಮ್ಮನಾಗುತ್ತಾರೆ ಎಂದು ನೀನೇ ಬರೆದಿದ್ದೀಯ. ನಮ್ಮ ವಯಸ್ಸಿನವರು ಸುಮ್ಮನಾದರೆ ಒಪ್ಪಿದರು ಎಂದು ಅರ್ಥವಲ್ಲ. ಪಕ್ಕದಲ್ಲಿ ಕೂತು ಆ ಹಂಡೆಯ ಕಥೆ ಕೇಳು. ಅವರು ಹೂಂ ಅಂದರೆ ಅವರ ಕೈಯಿಂದಲೇ ಮೊದಲ ಚೊಂಬು ನೀರು ಹಾಕಿಸು. ಬೇಡ ಅಂದರೆ ಹಂಡೆ ಇದ್ದಲ್ಲೇ ಇರಲಿ, ಅಪ್ಪನಿಗೂ ಅದನ್ನೇ ಹೇಳು. ನೈದಿಲೆಗೆ ಬೇರೆ ಪಾತ್ರೆ ಸಿಗುತ್ತದೆ.

ಅಂದದ ಮಾತು

ಪಾತ್ರೆ ಚೆಂದ ಕಾಣಲು ಹೆಚ್ಚು ಖರ್ಚು ಬೇಕಿಲ್ಲ. ಕೆಲವು ಸರಳ ಸೂತ್ರಗಳು ಸಾಕು.

ಒಳಮೈ ಕಡುಬಣ್ಣದ್ದಾಗಿರಲಿ. ಕಪ್ಪು ತಳದ ಮೇಲಿನ ನೀರು ಕನ್ನಡಿಯಂತೆ ಆಕಾಶ ತೋರಿಸುತ್ತದೆ, ಆಳವಾಗಿಯೂ ಕಾಣುತ್ತದೆ. ಬಿಳಿ ಒಳಮೈಯಾದರೆ ಪಾಚಿಯ ಒಂದೊಂದು ಎಳೆಯೂ ಎದ್ದು ಕಾಣುತ್ತದೆ. ಹೊರಮೈ ಮಾತ್ರ ತಿಳಿಬಣ್ಣದ್ದಾದರೆ ಬೇಸಗೆಯಲ್ಲಿ ಕಡಿಮೆ ಕಾಯುತ್ತದೆ.

ಚಿತ್ತಾರ ಹೆಚ್ಚಿದ್ದರೆ ಹೂವಿನ ಕಡೆ ಕಣ್ಣು ಹೋಗುವುದಿಲ್ಲ. ನೈದಿಲೆ ತಾನೇ ಚಿತ್ತಾರ. ಪಾತ್ರೆ ಸುಮ್ಮನಿದ್ದರೆ ಸಾಕು.

ನೀರು ಅಂಚಿಗಿಂತ ಎರಡು ಮೂರು ಬೆರಳು ಮಾತ್ರ ಕೆಳಗಿರಲಿ. ಅರ್ಧ ತುಂಬಿದ ಪಾತ್ರೆ ಬತ್ತಿದ ಬಾವಿಯಂತೆ ಕಾಣುತ್ತದೆ. ಮಳೆಗಾಲದಲ್ಲಿ ಉಕ್ಕಿ ಮೀನು ಹರಿದುಹೋಗದಂತೆ ಆ ಮಟ್ಟದಲ್ಲಿ ಒಂದು ತೂತು ಕೊರೆದು ಸಣ್ಣ ಬಲೆ ಕಟ್ಟಿ. ಎಲೆಗಳು ನೀರಿನ ಅರ್ಧ ಭಾಗವನ್ನೋ ಸ್ವಲ್ಪ ಹೆಚ್ಚನ್ನೋ ಮುಚ್ಚಿದರೆ ಸರಿ. ನೀರೂ ತಂಪು, ಪಾಚಿಯೂ ಕಡಿಮೆ. ಪೂರ್ತಿ ಮುಚ್ಚಿದರೆ ಅದು ಕೊಳವಲ್ಲ, ಸೊಪ್ಪಿನ ಬುಟ್ಟಿ.

ಎತ್ತರವನ್ನು ಮರೆಯಬೇಡಿ. ಅಜ್ಜ-ಅಜ್ಜಿ ಕುರ್ಚಿಯಲ್ಲಿ ಕೂತಾಗ ಹೂವಿನ ಮುಖ ಕಾಣಬೇಕು, ನೀರು ಹಾಕಲು ಮಂಡಿ ಬಗ್ಗಿಸುವಂತಿರಬಾರದು. ಪಾತ್ರೆಯ ಅಂಚು ಕುರ್ಚಿಯ ಕೂರುವ ಮಟ್ಟಕ್ಕೆ ಬಂದರೆ ಇಬ್ಬರಿಗೂ ಅನುಕೂಲ. ಕುಳ್ಳಗಿನ ಪಾತ್ರೆಯಾದರೆ ಕೆಳಗೆ ಗಟ್ಟಿಯಾದ ಇಟ್ಟಿಗೆ ಕಟ್ಟೆ ಕಟ್ಟಿಸಿ.

ಎರಡು ಎಚ್ಚರಿಕೆ

ಮೊದಲನೆಯದು ಸೊಳ್ಳೆ. 1883ರಲ್ಲಿ ಬೆಂಗಳೂರಿನಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ಸೇನಾ ವೈದ್ಯನಿದ್ದ. ಅವನ ಬಂಗಲೆಯಲ್ಲಿ ಸೊಳ್ಳೆಯ ಕಾಟ ವಿಪರೀತ. ಹುಡುಕಿದಾಗ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯೊಂದರಲ್ಲಿ ಸೊಳ್ಳೆಮರಿಗಳು ತುಂಬಿದ್ದವು. ತೊಟ್ಟಿ ಮಗುಚಿದ ಮೇಲೆ ಕಾಟ ಕಡಿಮೆಯಾಯಿತು. ಅದೇ ರಾಸ್ ಮುಂದೆ 1897ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು ಕಂಡುಹಿಡಿದ. 1902ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ. ಮನೆ ಮುಂದಿನ ಒಂದು ತೊಟ್ಟಿ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ಊರಿನದೇ ಸಾಕ್ಷಿ ಇದು.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ಪಾತ್ರೆಗಳನ್ನೇ ಹುಡುಕಿ ಬರುತ್ತದೆ. ಸೆಕೆಗಾಲದಲ್ಲಿ ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಗೋಡೆಗೆ ಅದು ಮೊಟ್ಟೆ ಅಂಟಿಸುತ್ತದೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕುತ್ತದೆ. ಆದ್ದರಿಂದ ಒಳಮೈ ನಯವಾಗಿರುವ, ಬ್ರಷ್ ಹಾಕಿ ಉಜ್ಜಬಹುದಾದ ಪಾತ್ರೆಯೇ ಒಳ್ಳೆಯದು. ಸಂದುಗೊಂದು, ಒಳಗಂಚು, ಕೆಳಗಿನ ತಟ್ಟೆ ಯಾವುದೂ ಬೇಡ. ದೊಡ್ಡ ಟಬ್ಬಿನಲ್ಲಿ ನಾಲ್ಕಾರು ಗಪ್ಪಿ ಮೀನು ಬಿಟ್ಟರೆ ಮರಿಗಳನ್ನು ಅವೇ ತಿಂದುಹಾಕುತ್ತವೆ. ನಲ್ಲಿ ನೀರಾದರೆ ಒಂದು ದಿನ ತೆರೆದಿಟ್ಟು, ಕ್ಲೋರಿನ್ ಹೋದ ಮೇಲೆ ಮೀನು ಬಿಡಿ. ಮೀನಿಲ್ಲದ ಪಾತ್ರೆಯಾದರೆ ವಾರಕ್ಕೊಮ್ಮೆ ನೀರು ಚೆಲ್ಲಿ, ಉಜ್ಜಿ, ಮತ್ತೆ ತುಂಬಬೇಕು. ಹಂಡೆಯ ಬೇಸಿನ್ನಿಗೂ ಇದೇ ನಿಯಮ. ಮೀನು, ಗಿಡ ಹೆಚ್ಚಾದರೆ ಕೆರೆಗೆ ಸುರಿಯಬೇಡಿ. ಹೊರಗಿನಿಂದ ಬಂದ ಜೀವಿಗಳು ಕೆರೆಯ ಸ್ವಂತ ಜೀವಿಗಳಿಗೆ ಕುತ್ತು ತರುತ್ತವೆ. ನೆರೆಯವರಿಗೆ ಕೊಡಿ.

ಎರಡನೆಯದು ಪುಟ್ಟ ಮಕ್ಕಳು. ಈಗಷ್ಟೇ ನಡೆಯಲು ಕಲಿತ ಮಗುವಿಗೆ ಬಕೆಟ್ ನೀರೂ ಅಪಾಯ. ತಲೆ ಭಾರ, ಬಗ್ಗಿ ನೋಡಿದರೆ ಮುಗ್ಗರಿಸಿ ಬೀಳುತ್ತದೆ, ತಾನಾಗಿ ಏಳಲಾರದು, ಕೂಗಲೂ ಆಗದು. ಮನೆಯಲ್ಲಿ ಅಂಥ ಕೂಸು ಇದ್ದರೆ, ಅಥವಾ ರಜೆಗೆ ಬರುವುದಿದ್ದರೆ, ಪಾತ್ರೆಯ ಬಾಯಿಗೆ ಅಲುಗದ ಕಬ್ಬಿಣದ ಜಾಲರಿ ಕೂರಿಸಿ. ಎಲೆ ಹೂವು ಅದರ ನಡುವೆ ಮೇಲೆ ಬರುತ್ತವೆ. ಜಾಲರಿ ಇದ್ದರೂ ಕೂಸಿನ ಮೇಲೆ ಕಣ್ಣಿರಲಿ. ಇಷ್ಟೆಲ್ಲ ಆಗದಿದ್ದರೆ ಮಗು ದೊಡ್ಡದಾಗುವವರೆಗೆ ನೈದಿಲೆಯ ಆಸೆ ಮುಂದಕ್ಕೆ ಹಾಕಿ. ಚೀನಾದಲ್ಲಿ ಒಣಗಿದ ಕೆರೆಯ ತಳದಲ್ಲಿ ಸಿಕ್ಕ ಸುಮಾರು 1,300 ವರ್ಷ ಹಳೆಯ ತಾವರೆ ಬೀಜ ಮೊಳಕೆಯೊಡೆದಿದೆ. ಅಷ್ಟು ಕಾದದ್ದು ಇನ್ನೆರಡು ಮೂರು ವರ್ಷ ಕಾಯಲಾರದೇ?

ಈ ವಾರದ ಕೆಲಸ

ಮಕ್ಕಳಿಗೆ: ಒಂದು ದುಂಡನೆಯ ಟಬ್ಬಿನ ಅಗಲ 42 ಸೆಂಟಿಮೀಟರ್, ನೀರಿನ ಎತ್ತರ 30 ಸೆಂಟಿಮೀಟರ್. ಎಷ್ಟು ಲೀಟರ್ ಹಿಡಿಯುತ್ತದೆ? ಉತ್ತರ 41 ಮತ್ತು 42ರ ನಡುವೆ ಬಂದರೆ ನಿಮ್ಮ ಲೆಕ್ಕ ಸರಿ. ಆಮೇಲೆ ನಿಮ್ಮ ಮನೆಯ ಒಂದು ಪಾತ್ರೆಯನ್ನು ಅಳೆದು ಲೆಕ್ಕ ಹಾಕಿ, ಲೀಟರ್ ಅಳತೆಯಿಂದ ನೀರು ಸುರಿದು ತಾಳೆ ನೋಡಿ. ಮೇಲೆ ಅಗಲ, ಕೆಳಗೆ ಕಿರಿದಾದ ಪಾತ್ರೆಯಲ್ಲಿ ಲೆಕ್ಕವೂ ನೀರೂ ಏಕೆ ಹೊಂದುವುದಿಲ್ಲ ಎಂದು ಯೋಚಿಸಿ ನನಗೆ ಬರೆಯಿರಿ.

ಅಜ್ಜ-ಅಜ್ಜಿಯರಿಗೆ: ಅಟ್ಟದ ಮೇಲೆ, ಹಿತ್ತಲಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ ಇರುವ ಹಳೆಯ ಪಾತ್ರೆಗಳ ಪಟ್ಟಿಯೊಂದನ್ನು ಮೊಮ್ಮಕ್ಕಳಿಗೆ ಹೇಳಿ ಬರೆಸಿ. ಕೊಳಗ, ಕೊಪ್ಪರಿಗೆ, ಮರಿಗೆ, ಗುಡಾಣ, ಬಾನಿ, ಯಾವುದು ಎಲ್ಲಿಂದ ಬಂತು, ಯಾವುದಕ್ಕೆ ಬಳಸುತ್ತಿದ್ದಿರಿ ಎಂಬುದೂ ಅದರಲ್ಲಿರಲಿ. ಅವುಗಳಲ್ಲಿ ಎಷ್ಟಕ್ಕೆ ನೈದಿಲೆ ಕೂರುತ್ತದೋ ಬಿಡುತ್ತದೋ, ಅವುಗಳ ಹೆಸರಾದರೂ ಮಕ್ಕಳ ಬಾಯಲ್ಲಿ ಉಳಿಯುತ್ತವೆ.

ಮುಂದಿನ ವಾರ ಕೆಸರಿನ ವಿಚಾರ: ನೈದಿಲೆಗೆ ಯಾವ ಮಣ್ಣು, ಎಷ್ಟು ಗೊಬ್ಬರ ಎಂದು ನೋಡೋಣ. ಅಲ್ಲಿಯವರೆಗೆ ಪಾತ್ರೆ ಹುಡುಕಿಡಿ.